ವಾಯವ್ಯ ಮೂಲೆಯ ಬಾವಿ

ಶಕುನ, ಸೂಚನೆ ಎಂದರೆ ನಗುತ್ತಿದ್ದವನು ನಾನು. ಮೂಡಿಗೆರೆಯಲ್ಲಿ ಅಂಗಡಿ, ಗೋಡೌನು, ರೆಸಾರ್ಟ್ ಜಾಗಗಳ ಪತ್ರ ನೋಡಿ ಅಭಿಪ್ರಾಯ ಬರೆದುಕೊಡುವುದೇ ನನ್ನ ವಕೀಲಿ. ದಾಖಲೆಯಲ್ಲಿ ಇಲ್ಲದ್ದು ಭೂಮಿಯ ಮೇಲೂ ಇಲ್ಲ ಎಂಬಷ್ಟು ಸೊಕ್ಕು ಇತ್ತು. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಹಾರ್ಡ್‌ವೇರ್ ಅಂಗಡಿಯ ನಂಜುಂಡಪ್ಪನವರು ಗೋಡೌನು ಕಟ್ಟಲು ಬಾಳೂರಿನ ಕಡೆ ಕಾಫಿ ಒಣಗಿಸುವ ಒಂದು ಹಳೆಯ ಕಣ ನೋಡಿದ್ದರು. ಜಾಗದ ನಾಲ್ಕೂ ಬದಿಯಲ್ಲಿ ನಿಂತು ಪತ್ರದಲ್ಲಿರುವ ಚೆಕ್ಕುಬಂದಿ, ಅಂದರೆ ಗಡಿಯ ವಿವರ, ಗಟ್ಟಿಯಾಗಿ ಓದುವುದು ನನ್ನ ರೂಢಿ. ಅಂದೂ ಓದಿದೆ. ಎಲ್ಲ ಸರಿಯಾಗಿತ್ತು. ಆಫೀಸಿಗೆ ಬಂದು ಟಿಪ್ಪಣಿ ಬರೆದು ಟೈಪಿಗೆ ಕೊಟ್ಟೆ.

ನನ್ನ ಪ್ರತಿ ಸಾಲಿನ ಪಕ್ಕದಲ್ಲೂ ಅದು ಯಾವ ಪತ್ರದಲ್ಲಿದೆ ಎಂಬ ನಂಬರು ಇರುತ್ತದೆ. ಟೈಪಿಸ್ಟ್ ಸುಮಿತ್ರಾ ಹಾಳೆ ಹಿಡಿದು ಬಂದರು. "ಸರ್, ಈ ಬಾವಿಗೆ ನಂಬರೇ ಹಾಕಿಲ್ವಲ್ಲ?"

ಯಾವ ಬಾವಿ ಎಂದು ನೋಡಿದೆ. 'ವಾಯವ್ಯ ಮೂಲೆಯಲ್ಲಿ ಹಳೆಯ ಬಾವಿ. ಮುಚ್ಚಿದ್ದಾರೆ. ಮಣ್ಣು ಗಟ್ಟಿಯಿಲ್ಲ.' ನನ್ನದೇ ಅಕ್ಷರ, ನನ್ನದೇ ಪೆನ್ನು. ಬರೆದ ನೆನಪು ಮಾತ್ರ ಇಲ್ಲ.

ಮೂಲಪತ್ರದಿಂದ ಹಿಡಿದು ಎಲ್ಲವನ್ನೂ ಮತ್ತೆ ಓದಿದೆ. ಎಲ್ಲೂ ಬಾವಿಯಿಲ್ಲ. ಜಾಗ ಮಾರುವವರಿಗೆ ಫೋನ್ ಮಾಡಿದರೆ ಅವರು ನಕ್ಕರು. "ಎಂತ ಬಾವಿ ಮಾರಾಯ್ರೆ? ನಮ್ಮಜ್ಜನ ಕಾಲದಿಂದ್ಲೂ ಅಲ್ಲಿ ಕಣವೇ ಇರೋದು."

ಬೇರೆ ಫೈಲಿನ ಮಾತು ತಲೆಯಲ್ಲಿ ಸೇರಿಕೊಂಡಿರಬೇಕು ಎಂದುಕೊಂಡೆ. ಆಧಾರವಿಲ್ಲದ ಸಾಲನ್ನು ಅಭಿಪ್ರಾಯದಲ್ಲಿ ಇಡುವಂತಿಲ್ಲ. ಹೊಡೆದುಹಾಕಿ ಸಹಿ ಮಾಡಿದೆ.

ನೋಂದಣಿಯಾಗಿ ತಿಂಗಳೊಳಗೆ ಪಾಯ ತೆಗೆಯಲು ಜೆಸಿಬಿ ಹೋಯಿತು. ವಾಯವ್ಯ ಮೂಲೆಯಲ್ಲಿ ನೆಲ ಕುಸಿದು ಅದು ಮಗುಚಿತು. ಒಳಗೆ ಕಲ್ಲು ಕಟ್ಟಿದ ಬಾವಿ. ಜೆಸಿಬಿ ಓಡಿಸುತ್ತಿದ್ದ ಇಬ್ರಾಹಿಂ ಬದುಕಿದರು, ಬಲಗಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ನಂಜುಂಡಪ್ಪನವರು ಕೇಳಿದರು, "ಲಾಯರ್ರೇ, ಪತ್ರದಲ್ಲಿ ಎಲ್ಲಾದ್ರೂ ಇತ್ತಾ?"

"ಇರಲಿಲ್ಲ" ಎಂದೆ. ಅದು ನಿಜವೇ.

ಮಂಚದ ಮೇಲಿದ್ದ ಇಬ್ರಾಹಿಂ ನನ್ನನ್ನೇ ಸಮಾಧಾನ ಮಾಡಿದರು. "ನಿಮ್ಗೆ ಹೆಂಗೆ ಗೊತ್ತಾಗ್ತದೆ ಸಾರ್? ಬೇಜಾರ್ ಮಾಡ್ಕೋಬೇಡಿ."

ಆ ಸಾಲು ನನ್ನ ಕೈಗೆ ಎಲ್ಲಿಂದ ಬಂತೋ ಇಂದಿಗೂ ತಿಳಿದಿಲ್ಲ. ಎಂದೋ ಯಾರೋ ಹೇಳಿದ್ದು ಕೇಳಿ ಮರೆತಿದ್ದೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲ. ಆ ಕಣದ ಹೆಸರನ್ನೇ ನಾನು ಮೊದಲು ಕೇಳಿರಲಿಲ್ಲ.

ಇಬ್ರಾಹಿಂ ಈಗ ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ನನ್ನನ್ನು ಕಂಡರೆ ಕುಳಿತಲ್ಲಿಂದಲೇ ಕೈಯೆತ್ತಿ, ಟೀ ಕುಡಿದು ಹೋಗಿ ಸಾರ್ ಎನ್ನುತ್ತಾರೆ. ಕುಡಿಯುತ್ತೇನೆ. ಆ ಸಾಲಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.