ಅಕ್ಕನ ಕೈಗೊಂದು ಬಾಗಿಲು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಬರೀ ಬಾಗಿಲುಗಳನ್ನೇ ರಿಪೇರಿ ಮಾಡಿ ನಿವೃತ್ತನಾದವನು ಎಲ್ಲರ ಬಾಯಲ್ಲೂ ಬಾಗಿಲಣ್ಣ. ಇಂಜಿನ್ನಿನ ಮಾತೆತ್ತಿದರೆ ಮೂಗು ಮುರಿಯುತ್ತಿದ್ದ. "ಇಂಜಿನ್ ಕೆಟ್ರೆ ಬಸ್ಸು ನಿಲ್ಲುತ್ತೆ, ಅಷ್ಟೇ. ಬಾಗಿಲು ಕೆಟ್ರೆ ಜನ ಬೀಳ್ತಾರೆ" ಅನ್ನುವುದು ಅವನ ವೇದವಾಕ್ಯ. ಮನೆ ಮುಂದೆ ನಿಂತಿದ್ದ ಅವನ ವ್ಯಾನನ್ನು ನೋಡಿದವರಿಗೆ ಮಾತ್ರ ಈ ವೇದವಾಕ್ಯ ನಂಬುವುದು ಕಷ್ಟವಾಗುತ್ತಿತ್ತು.

ಮೂವರು ಮಲಗುವಷ್ಟು ಹಾಸಿಗೆ, ಒಂದು ಪುಟ್ಟ ಒಲೆ, ಬೀರುವಿನಷ್ಟೇ ಅಗಲದ ಬಚ್ಚಲು, ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಇಪ್ಪತ್ತೆಂಟು ವರ್ಷದ ಮುದಿ ವ್ಯಾನು ಅದು. ನಾಲ್ಕು ಬಾಗಿಲಿಗೆ ನಾಲ್ಕು ಬೇರೆ ಬೇರೆ ಬೀಗದಕೈ. ಹತ್ತಿ ಇಳಿಯುವ ಪಕ್ಕದ ಬಾಗಿಲಂತೂ ಮೊಣಕಾಲಿನಿಂದ ಎತ್ತಿ, ಭುಜ ಕೊಟ್ಟು ದೂಡಿ, ಜೊತೆಗೊಂದು ಬೈಗುಳವನ್ನೂ ಸೇರಿಸಿದರೆ ಮಾತ್ರ ತೆರೆಯುತ್ತಿತ್ತು. "ಊರ ಬಾಗಿಲಿಗೆಲ್ಲ ಉಪಚಾರ, ನಮ್ಮ ಬಾಗಿಲಿಗೆ ಒದೆ" ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಸುಳ್ಳೇನಲ್ಲ ಬಿಡಿ.

ಕೊನೆಗೂ ಅವನು ಅದಕ್ಕೆ ಕೈ ಹಾಕಿದ್ದು ಅಕ್ಕನಿಗಾಗಿ.

ಒಡಹುಟ್ಟಿದ ಅಕ್ಕ ಇವನ ಮನೆಯಲ್ಲೇ ಇದ್ದಳು. ಗೆಳತಿಯೊಬ್ಬಳ ಜೊತೆ ಸೇರಿ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಎರಡು ವರ್ಷದಿಂದ ಬೆರಳ ಗೆಣ್ಣುಗಳು ಊದಿಕೊಂಡು, ಸೂಜಿ ಹಿಡಿಯುವುದು ಹಾಗಿರಲಿ, ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಕೈ ಸೋತರೂ ನಾಲಿಗೆ ಮಾತ್ರ ಹಳೆಯ ಕತ್ತರಿಯ ಹಾಗೆ ಹರಿತವಾಗಿಯೇ ಇತ್ತು. ಮನೆಯಲ್ಲಿ ಅವಳು ಯಾವ ಬಾಗಿಲಿಗೂ ಚಿಲಕ ಹಾಕುತ್ತಿರಲಿಲ್ಲ. ಕೇಳಿದರೆ "ಗಾಳಿ ಬೇಕು ಕಣೋ" ಅನ್ನುತ್ತಿದ್ದಳು. ಅರ್ಧ ತೆರೆದ ಬಚ್ಚಲ ಕಡೆಗೆ ಹೋಗುವಾಗಲೆಲ್ಲ ಗಂಡ ಹೆಂಡತಿ ಕೆಮ್ಮಿಕೊಂಡು ಹೋಗುವುದು ರೂಢಿಯಾಗಿತ್ತು.

ಆ ಹೊಲಿಗೆಯ ಗೆಳತಿ ಆರು ವರ್ಷದ ಹಿಂದೆ ಸಮುದ್ರದ ಪಕ್ಕದ ಊರಿಗೆ ಹೋಗಿ ನೆಲೆಸಿದ್ದಳು. "ಕಣ್ಣು ಕಾಣೋವಾಗಲೇ ಒಂದ್ಸಲ ಬಂದು ಮುಖ ತೋರಿಸೇ" ಎಂದು ಕಾಗದ ಬರೆದಳು. ಮೂರು ದಿನದ ದಾರಿ. ವ್ಯಾನಿನಲ್ಲೇ ಹೋಗೋಣ ಎಂದು ಬಾಗಿಲಣ್ಣ ಹೇಳಿದಾಗ ಅಕ್ಕ ಒಂದು ವಾರ ನೆಲಕ್ಕೆ ಕಾಲೂರದೆ ಓಡಾಡಿದಳು. ಆಮೇಲೊಂದು ಬೆಳಗ್ಗೆ ವ್ಯಾನಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತಿದ್ದು, ಒಳಗೆ ಬಂದವಳೇ, "ನೀವಿಬ್ರೂ ಹೋಗ್ಬನ್ನಿ. ಆ ಕುಲುಕಾಟ ನನ್ನ ಸೊಂಟಕ್ಕಾಗಲ್ಲ" ಅಂದುಬಿಟ್ಟಳು. ಸೊಂಟದ ಮಾತು ನೆಪ ಅನ್ನುವುದು ತಮ್ಮನಿಗೆ ಗೊತ್ತಾಯಿತು. ಅಕ್ಕನನ್ನು ಬಿಟ್ಟು ಹೋಗುವ ಮಾತೇ ಇಲ್ಲ ಎಂದು ಅವತ್ತೇ ಹತಾರಗಳ ಪೆಟ್ಟಿಗೆ ಹೊರಗೆ ತೆಗೆದ.

ಬಾಗಿಲು ಬಿಗಿಯಾದರೆ ಜನ ಬೀಗವನ್ನು ಬಯ್ಯುತ್ತಾರೆ. ಪಾಪ, ಬೀಗದ್ದೇನು ತಪ್ಪು? ಸವೆದಿರುವುದು ಕೀಲು. ಮೇಲಿನ ಕೀಲಿನ ಪಿನ್ನು ಸವೆದು ಬಾಗಿಲು ಅಕ್ಕಿಕಾಳಿನಷ್ಟು ಜೋತುಬಿದ್ದರೂ ಸಾಕು, ಬೀಗದ ನಾಲಿಗೆ ತನ್ನ ಗೂಡು ಸಿಗದೆ ಪರದಾಡುತ್ತದೆ. ಬಾಗಿಲಣ್ಣ ಬಾಗಿಲಿನ ಕೆಳಗೆ ಜಾಕ್ ಕೊಟ್ಟು, ಹಳೆಯ ಪಿನ್ನುಗಳನ್ನು ಬಡಿದು ತೆಗೆದು, ಹಿತ್ತಾಳೆಯ ಬಳೆ ಕೂರಿಸಿ ಹೊಸ ಪಿನ್ನು ಹಾಕಿದ. ಬೀಗದೊಳಗೆ ಎಣ್ಣೆ ಮತ್ತು ಧೂಳು ಸೇರಿ ಅಂಟಾಗಿ ಕೂತಿತ್ತು. "ಬೀಗಕ್ಕೆ ಎಣ್ಣೆ ಹುಯ್ಯೋ ಮುಟ್ಠಾಳ ಯಾರು?" ಎಂದು ರೇಗಿದ. ಹೆಂಡತಿ ಅವನ ಮುಖವನ್ನೇ ನೋಡಿದಳು. ಹೋದ ವರ್ಷ ಅಡುಗೆ ಎಣ್ಣೆಯ ಬಾಟಲಿ ಹಿಡಿದು ಹೋಗಿದ್ದವನು ಅವನೇ. ತೆಪ್ಪಗೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಪೆನ್ಸಿಲ್ ಕಡ್ಡಿಯ ಪುಡಿಯನ್ನು ಊದಿ ಒಳಗೆ ಸೇರಿಸಿದ. ಬೀಗದಕೈ ಈಗ ಸಲೀಸಾಗಿ ತಿರುಗಿತು.

"ಅಕ್ಕ, ಬಾ ಇಲ್ಲಿ. ಒಂದೇ ಬೆರಳಲ್ಲಿ ತೆಗೀಬಹುದು."

ಅಕ್ಕ ವ್ಯಾನಿನೊಳಗೆ ಕೂತು, ಬಾಗಿಲು ಹಾಕಿಸಿಕೊಂಡು, ಚಿಲಕದ ದುಂಡು ಹಿಡಿಯನ್ನು ಬೆರಳಲ್ಲಿ ಚಿವುಟಿದಳು. ತಿರುಗಲಿಲ್ಲ. ಎರಡೂ ಕೈ ಹಾಕಿದಳು. ಹೊರಗೆ ನಿಂತವನಿಗೆ ಅವಳ ಉಸಿರು ಕೇಳಿಸುತ್ತಿತ್ತು. ಕೊನೆಗೆ ಅವನೇ ತೆರೆದ.

"ಚೆನ್ನಾಗಿದೆ ಕಣೋ. ನಿನ್ನ ಬೆರಳಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದು ನಕ್ಕು ಒಳಗೆ ಹೋದಳು.

ಅವನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಎತ್ತುತ್ತಾ, "ಅಲ್ರೀ, ನಿಮ್ಮ ಬೆರಳು ಕಬ್ಬಿಣದ ಸಲಾಕೆ. ಅತ್ತಿಗೆ ಕೈ ಹೇಗಿದೆ ಅಂತ ನಿಮಗೇನು ಗೊತ್ತು?" ಅಂದಳು.

ಮಾತು ನಾಟಿತು. ಮಾರನೆಯ ದಿನ ಎರಡೂ ಕೈಗೆ ಎರಡೆರಡು ಜೊತೆ ಉಣ್ಣೆಯ ಕಾಲುಚೀಲ ತೊಟ್ಟು, ಅಕ್ಕನ ಕಣ್ಣಿಗೆ ಬೀಳದ ಹಾಗೆ ಹಿತ್ತಲಲ್ಲಿ ಕೂತ. ಕಷ್ಟವಾದ ಕೂಡಲೇ ಬಿಚ್ಚಿಬಿಡುತ್ತಾನೆ ಎಂದು ಹೆಂಡತಿ ಮಣಿಕಟ್ಟಿನ ಸುತ್ತ ಟೇಪನ್ನೂ ಸುತ್ತಿದಳು. ಸಂಜೆಯವರೆಗೆ ಹೀಗೇ ಇದ್ದು ಆಮೇಲೆ ಬಾಗಿಲು ಮುಟ್ಟುವುದು ಎಂದು ತೀರ್ಮಾನವಾಯಿತು. ಹತ್ತು ಗಂಟೆಯೊಳಗೆ ಒಂದು ಲೋಟ ಚಹಾ ಮಡಿಲಿಗೆ, ಇನ್ನೊಂದು ನೆಲಕ್ಕೆ. ಪೇಪರಿನ ಒಂದು ಹಾಳೆಯೂ ಮಗುಚಲಿಲ್ಲ. ಹೆಂಡತಿ ನಕ್ಕೂ ನಕ್ಕೂ ಸುಸ್ತಾಗಿ ತರಕಾರಿ ತರಲು ಹೋದಳು.

ಅವಳು ಅತ್ತ ಹೋದದ್ದೇ ತಡ, ಇವನು ಬಚ್ಚಲಿಗೆ ಹೋದ. ಅಭ್ಯಾಸಬಲ ನೋಡಿ, ಅಂಗೈಯಿಂದ ಗುದ್ದಿ ಚಿಲಕ ಹಾಕಿಕೊಂಡ. ಹಾಕುವುದೇನೋ ಹಾಕಿದ, ತೆಗೆಯಲು ಬರಲಿಲ್ಲ. ಕಾಲುಚೀಲ ಜಾರಿತು, ಮತ್ತೆ ಜಾರಿತು. ಸಾವಿರಾರು ಬಾಗಿಲು ತೆರೆದವನು ತನ್ನ ಮನೆಯ ಬಚ್ಚಲಲ್ಲಿ ಬೆವರು ಒರೆಸಿಕೊಂಡು ನಿಂತ.

"ಏನೋ ಅದು ಸದ್ದು?" ಹೊರಗೆ ಅಕ್ಕನ ದನಿ.

"ಚಿಲಕ ಬರ್ತಿಲ್ಲ ಅಕ್ಕ."

ಅಕ್ಕ ನಗುತ್ತಾಳೆ ಎಂದುಕೊಂಡ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಬಾಗಿಲಿನ ಪಕ್ಕ ಕೂತ ಸದ್ದಾಯಿತು.

"ಗಾಬರಿ ಆಗ್ಬೇಡ. ನಾನಿಲ್ಲೇ ಇದ್ದೀನಿ" ಅಂದಳು. ಆಮೇಲೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು, "ಎರಡು ವರ್ಷದ ಹಿಂದೆ ನಾನೂ ಹೀಗೇ ಸಿಕ್ಕಿಹಾಕ್ಕೊಂಡಿದ್ದೆ. ಒಂದೂವರೆ ಗಂಟೆ. ನೀನು ಹಾಲ್‌ನಲ್ಲೇ ರೇಡಿಯೋ ಕೇಳ್ತಾ ಇದ್ದೆ."

"ಕೂಗಬಾರದಿತ್ತಾ ಅಕ್ಕ?"

"ಏನಂತ ಕೂಗಲಿ? ನಲವತ್ತು ವರ್ಷ ಊರಿಗೆಲ್ಲ ಗುಂಡಿ ಹೊಲಿದುಕೊಟ್ಟವಳಿಗೆ ಚಿಲಕ ತೆಗಿಯಕ್ಕಾಗ್ತಿಲ್ಲ ಅಂತಲಾ? ಕೊನೆಗೆ ಹೇಗೋ ಹಲ್ಲಲ್ಲಿ ಕಚ್ಚಿ ಎಳೆದೆ. ಅವತ್ತಿಂದ ಚಿಲಕದ ಸಹವಾಸವೇ ಬೇಡ ಅಂತ ಬಿಟ್ಟೆ."

ಗಾಳಿ ಬೇಕು ಅನ್ನುವುದರ ಒಳಗುಟ್ಟು ಇದು. ಬಾಗಿಲಣ್ಣನಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು. ಊರವರ ಬಾಗಿಲು ಕಿರುಗುಟ್ಟಿದರೆ ಬೀದಿಯ ಆ ತುದಿಯಿಂದಲೇ ಗುರುತಿಸುವ ಕಿವಿ, ಎರಡು ವರ್ಷದಿಂದ ಮನೆಯಲ್ಲಿ ಬೀಳದ ಚಿಲಕವನ್ನು ಕೇಳಿಸಿಕೊಳ್ಳಲೇ ಇಲ್ಲವಲ್ಲ. ಒಂದು ಕೈಯ ಟೇಪನ್ನು ಹಲ್ಲಲ್ಲಿ ಹರಿದು, ಕಾಲುಚೀಲ ಕಿತ್ತು, ಚಿಲಕ ತೆಗೆದು ಹೊರಗೆ ಬಂದ. ಅಕ್ಕ ಅವನ ಇನ್ನೊಂದು ಕೈ ನೋಡಿ, "ಇದೇನೋ ವೇಷ? ನಡಿಯೋಕೆ ಕೈ ಕಾಲು ಎರಡೂ ಬೇಕಾಯ್ತಾ ನಿನಗೆ?" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮತ್ತೆ ಕಾಲುಚೀಲ ತೊಟ್ಟು ಎರಡು ದಿನ ವ್ಯಾನಿನೊಳಗೇ ಕೂತ. ಡಿಪೋದಿಂದ ತಂದಿಟ್ಟುಕೊಂಡಿದ್ದ ಹಳೆಯ ಬಸ್ಸಿನ ಉದ್ದ ಹಿಡಿಯೊಂದು ಪೆಟ್ಟಿಗೆಯಲ್ಲಿತ್ತು. ಚಿಲಕದ ದುಂಡು ಹಿಡಿಯನ್ನು ಕಿತ್ತು ಅದನ್ನು ಜೋಡಿಸಿದ. ಮೊಣಕೈಯಿಂದ ಕೆಳಕ್ಕೆ ಒತ್ತಿದರೆ ಚಿಲಕ ಬೀಳಬೇಕು, ಮೇಲಕ್ಕೆತ್ತಿದರೆ ಬಿಡಬೇಕು. ಗಡುಸು ಸ್ಪ್ರಿಂಗ್ ತೆಗೆದು ಮೆದುವಾದದ್ದನ್ನು ಹಾಕಿದ. ವ್ಯಾನಿನ ಪುಟ್ಟ ಬಚ್ಚಲಿಗೂ ಅಂಥದ್ದೇ ಒಂದು ಹಿಡಿ ಕೂರಿಸಿದ. ಅಷ್ಟಾದ ಮೇಲೆ ಮನೆಯ ಬಚ್ಚಲಿನ ಚಿಲಕವನ್ನೂ ಬದಲಾಯಿಸಿದ. ಈ ಸಲ ಅಕ್ಕನನ್ನು ಕರೆದು ತೋರಿಸಲಿಲ್ಲ. ಬಾಯಿ ಬಡಾಯಿ ಸಾಕಾಗಿತ್ತು. "ಸೊಂಟಕ್ಕೆ ಎರಡು ದಿಂಬು ಹಾಕ್ತೀನಿ, ಸುಮ್ನೆ ಬಾ ಅಕ್ಕ" ಅಂದ ಅಷ್ಟೇ. ಅಕ್ಕ ಅವನ ಮುಖವನ್ನು ಒಂದು ಸಲ ನೋಡಿ, ಚೀಲ ಕಟ್ಟಿಕೊಂಡಳು.

ಹೊರಟ ದಿನ ಮಧ್ಯಾಹ್ನ, ರಸ್ತೆ ಬದಿಯ ಮರದ ಕೆಳಗೆ ವ್ಯಾನು ನಿಲ್ಲಿಸಿದರು. ಬಾಗಿಲಣ್ಣ ಮುಖ ತೊಳೆದು ಬಂದು, ಒಳಗಿದ್ದ ಟವೆಲ್ಲಿಗಾಗಿ ಪಕ್ಕದ ಬಾಗಿಲು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಇಷ್ಟೆಲ್ಲ ಮಾಡಿಯೂ ಮತ್ತೆ ಕೆಟ್ಟಿತೇ?

"ಯಾರದು?" ಒಳಗಿನಿಂದ ಅಕ್ಕ.

"ನಾನೇ ಅಕ್ಕ. ಬಾಗಿಲು..."

"ಬಾಗಿಲು ಹಾಕ್ಕೊಂಡಿದ್ದೀನಿ ಕಣೋ. ಸೀರೆ ಬದಲಾಯಿಸ್ತಿದ್ದೀನಿ. ಸ್ವಲ್ಪ ತಡಿ."

ಬಾಗಿಲಣ್ಣ ಒದ್ದೆ ಮುಖದಲ್ಲೇ ಹೋಗಿ ಹೆಂಡತಿಯ ಪಕ್ಕ ಕಲ್ಲಿನ ಮೇಲೆ ಕೂತ.

"ಯಾಕ್ರೀ, ಕಣ್ಣಲ್ಲಿ ನೀರು?"

"ಅಕ್ಕ ನನ್ನನ್ನ ಹೊರಗೆ ಹಾಕಿದಾಳೆ ಕಣೇ" ಅಂದ. ಮುಖ ಇಷ್ಟಗಲವಾಗಿತ್ತು.

ಕಾಲು ಗಂಟೆಯಾದ ಮೇಲೆ ಚಿಲಕ ಬಿಟ್ಟ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಮತ್ತೆ ಹಾಕಿದ ಸದ್ದು, ಮತ್ತೆ ಬಿಟ್ಟ ಸದ್ದು. ಎದ್ದು ಹೊರಟ ಹೆಂಡತಿಯನ್ನು ಅವನು ಕೈ ಹಿಡಿದು ಕೂರಿಸಿದ.

"ಇರು" ಅಂದ, "ಇನ್ನೊಂದೆರಡು ಸಲ ಹಾಕ್ಕೊಳ್ಳಲಿ."