ಆಟ ಕೆಡಿಸುವ ಹೆಡ್ ಕ್ಲರ್ಕ್

ಅವರು ನೆಟ್ಟಗೆ ನಿಂತದ್ದನ್ನು ನಾನು ನೋಡಿಯೇ ಇಲ್ಲ. ಸೊಂಟದಿಂದ ಮೇಲೆ ಒಂದಿಷ್ಟು ಮುಂದಕ್ಕೆ ಬಾಗಿ, ಎಡಗೈಯನ್ನು ತುಸು ಇಳಿಬಿಟ್ಟು, ಸಾರಿನ ಬಕೆಟ್ಟು ಹಿಡಿದವರಂತೆಯೇ ನಡೆಯುತ್ತಿದ್ದರು. ಸಾಗರದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ, ಮುಂಜಿ ಇದ್ದರೂ ಪಂಕ್ತಿಯಲ್ಲಿ ಬಡಿಸಲು ಅವರು ಇರಲೇಬೇಕು. ಹರೆಯದಿಂದ ಬಡಿಸಿ ಬಡಿಸಿ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಉಳಿದ ದಿನ ಅವರು ನಮ್ಮ ಸಹಕಾರ ಸಂಘದ ಹೆಡ್ ಕ್ಲರ್ಕ್. ನನ್ನ ತಾಳ್ಮೆಯನ್ನು ಅವರಷ್ಟು ಪರೀಕ್ಷೆ ಮಾಡಿದವರು ಇನ್ನೊಬ್ಬರಿಲ್ಲ.

ನಾನು ತೀರ್ಥಹಳ್ಳಿಯವಳು. ಸಾಗರದ ಕಚೇರಿಗೆ ಸೇರುವ ಹೊತ್ತಿಗೆ ಹೊಸನಗರದ ಶಾಖೆಯನ್ನು ಮುಚ್ಚಿ ಅಲ್ಲಿಯವರನ್ನು ಇಲ್ಲಿಗೆ ಹಾಕಿದ್ದರು. ಯಾರ ಕುರ್ಚಿ ಯಾರಿಗೆ ಎಂಬ ಮೊದಲ ವಾರದ ಜಗಳ ಹಾಗೇ ಉಳಿದುಕೊಂಡಿತ್ತು. ಮಧ್ಯಾಹ್ನ ಸಾಗರದವರು ಫ್ಯಾನಿನ ಕೆಳಗಿನ ದೊಡ್ಡ ಮೇಜಿನಲ್ಲಿ ಡಬ್ಬಿ ಬಿಚ್ಚಿದರೆ, ಹೊಸನಗರದವರು ಹಳೆ ಕಡತಗಳ ಕೋಣೆಯಲ್ಲಿ ಗೋಡೆ ನೋಡುತ್ತ ಉಣ್ಣುತ್ತಿದ್ದರು. ಎರಡೂ ಕಡೆಗೆ ಸೇರದ ನಾನು ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ. ಎಲ್ಲಿ ಕೂತರೂ ಇನ್ನೊಂದು ಕಡೆಯವರ ಮೇಲಿನ ದೂರು ಕೇಳಿಕೊಂಡೇ ಅನ್ನ ನುಂಗಬೇಕು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸದಿದ್ದರೆ ನನಗೆ ಇಲ್ಲಿ ಉಳಿಗಾಲವಿಲ್ಲ ಅನಿಸಿತ್ತು.

ಹಾಗಾಗಿ ತಿಂಗಳ ಕೊನೆಯ ಶನಿವಾರ ಊಟದ ಬಿಡುವಿಗೆ ನಿಧಿ ಹುಡುಕುವ ಆಟವೊಂದನ್ನು ಯೋಚಿಸಿದೆ. ಸಾಗರದವರೊಬ್ಬರು, ಹೊಸನಗರದವರೊಬ್ಬರು ಸೇರಿ ಒಂದು ಜೋಡಿ. ಇಂಥ ನಾಲ್ಕು ಜೋಡಿ. ಒಂದು ಚೀಟಿಯ ಸುಳಿವು ಹಿಡಿದು ಹೋದರೆ ಇನ್ನೊಂದು ಚೀಟಿ, ಕೊನೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಮೊದಲು ತಲುಪಿದವರಿಗೆ ಅದೇ ಬಹುಮಾನ. ಆಮೇಲೆ ಊಟ. ಮ್ಯಾನೇಜರು ಒಪ್ಪಿದರು, ಚೀಟಿ ಅಡಗಿಸಲು ಹೆಡ್ ಕ್ಲರ್ಕರನ್ನು ಜೊತೆಗೆ ಕೊಟ್ಟರು. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಹಸಿದವರನ್ನು ಓಡಾಡಿಸುವುದು ಪಾಪ ಎಂದು ಮೊದಲೇ ತಕರಾರು ತೆಗೆದರು. ಆಟ ಶುರುವಾದ ಮೇಲೆ ಯಾರಾದರೂ ಬೀರುವಿನ ಮುಂದೆ ತಲೆ ಕೆರೆದುಕೊಂಡು ನಿಂತರೆ ಸಾಕು, ಬಾಗಿಕೊಂಡು ಹೋಗಿ ಕಿವಿಯಲ್ಲಿ ಹೇಳಿಬಿಡುತ್ತಿದ್ದರು. ಒಂದು ಜೋಡಿಗೆ ಹೇಳಿದ್ದನ್ನು ನಾಲ್ಕಕ್ಕೂ ಹೇಳಿದರು. ವಾರವಿಡೀ ಕೂತು ಹೊಸೆದ ಸುಳಿವುಗಳು ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದು, ಎಲ್ಲರೂ ಒಟ್ಟಿಗೇ ಉಪ್ಪಿನಕಾಯಿಯ ಮುಂದೆ ನಿಂತಿದ್ದರು. ನನಗೆ ಅಳುವೇ ಬಂತು.

ಮುಂದಿನ ತಿಂಗಳು ನಾನೂ ಹುಷಾರಾದೆ. ಅವರಿಗೆ ಕವಳದ ಚಟ. ಆಟಕ್ಕೆ ಮೊದಲೇ ಎಲೆಯಡಿಕೆ ಕೈಗಿಟ್ಟೆ. ಬಾಯಿ ತುಂಬಿದ್ದರೆ ಮಾತು ಹೊರಡದು ಎಂಬ ಲೆಕ್ಕ. ಅವರು ಬಾಯಿ ಬಿಡಲಿಲ್ಲ, ನಿಜ. ಆದರೆ ಬಾಗಿಲ ಹಿಂದೆ, ಕೊಡೆ ಇಡುವ ಮೂಲೆಯಲ್ಲಿ, ಎಲ್ಲೆಂದರಲ್ಲಿ ಉಪ್ಪಿನಕಾಯಿ ಬಾಟಲಿ ಸಿಗತೊಡಗಿದವು. ಜೋಡಿಗೊಂದರಂತೆ ಮನೆಯಿಂದ ತಂದು ಇಟ್ಟಿದ್ದರು. ಗೆದ್ದವರು ಯಾರೆಂದೇ ತಿಳಿಯಲಿಲ್ಲ. ಎಲ್ಲರ ಎದುರೇ ರೇಗಿದೆ. ಅವರು ಹೊರಗೆ ಹೋಗಿ ಕವಳ ಉಗಿದು ಬಂದು ಹೇಳಿದರು:

“ಪಂಕ್ತೀಲಿ ಒಬ್ರ ಎಲೆಗೆ ಹೋಳಿಗೆ ಹಾಕಿ, ಪಕ್ಕದವ್ರ ಎಲೆ ದಾಟ್ಕೊಂಡು ಹೋಗೋದು ನಂಗೆ ಬರಲ್ಲ ಮಾರಾಯ್ತಿ.”

“ಇದು ಪಂಕ್ತಿ ಅಲ್ಲ ಸಾರ್, ಆಟ. ಆಟ ಅಂದ್ಮೇಲೆ ಯಾರಾದ್ರೂ ಸೋಲ್ಬೇಕು.”

“ಸೋತವ್ರು ಎಲ್ಲಿ ಕೂತು ಉಣ್ತಾರೆ? ಅದ್ನ ಹೇಳು ಮೊದ್ಲು.”

ನನ್ನ ಸಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಎಲ್ಲರೂ ದೊಡ್ಡ ಮೇಜಿನ ಸುತ್ತ ಕೂತಾಗಿತ್ತು. ಒಂದೇ ಭರಣಿಯ ಮಿಡಿ, ಆದರೂ ತಮ್ಮ ಬಾಟಲಿಯದೇ ರುಚಿ ಎಂದು ವಾದ ನಡೆದಿತ್ತು. ಅವರು ಡಬ್ಬಿಯಿಂದ ಡಬ್ಬಿಗೆ ಬಾಗುತ್ತ ಬಡಿಸುತ್ತಿದ್ದರು. ಅಂದಿನಿಂದ ಕಡತದ ಕೋಣೆಯಲ್ಲಿ ಯಾರೂ ಉಣ್ಣಲಿಲ್ಲ. ನಾನು ಬಯಸಿದ್ದೇ ಆದರೂ ನನ್ನ ಆಟದಿಂದ ಆಗಲಿಲ್ಲವಲ್ಲ ಎಂಬ ಉರಿ ಹೊಟ್ಟೆಯಲ್ಲಿತ್ತು.

ತಿಂಗಳು ತಿಂಗಳೂ ಇದೇ ಜಗಳ. ಈ ಸಲವಾದರೂ ಸುಮ್ಮನಿರಿ ಎಂದು ನಾನು ಗೋಗರೆಯುವುದು, ಆಯ್ತು ಎಂದು ಅವರು ತಲೆಯಾಡಿಸುವುದು. ಶನಿವಾರ ಬಂದರೆ ನಾಯಿ ಬಾಲ ಡೊಂಕೇ.

ಕಳೆದ ಚಳಿಗಾಲದ ಒಂದು ಭಾನುವಾರ, ಎದೆ ಹಿಡಿದಂತಾಗುತ್ತಿದೆ ಎಂದು ಮನೆಯ ಜಗಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ವೈಕುಂಠ ಸಮಾರಾಧನೆಯ ಊಟಕ್ಕೆ ಇಡೀ ಕಚೇರಿ ಹೋಗಿತ್ತು. ಬಡಿಸುವವರು ಅವಸರದಲ್ಲಿ ನನ್ನ ಎಲೆ ದಾಟಿ ಹೋದರು. ನಾನು ಕೇಳಲಿಲ್ಲ.

ಅದಾಗಿ ಕೆಲವು ವಾರದ ಮೇಲೆ ಮತ್ತೆ ಆಟವಿಟ್ಟೆ. ಮೊದಲ ಬಾರಿಗೆ ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಯಾರೂ ಕಿವಿಯಲ್ಲಿ ಹೇಳಿಕೊಡಲಿಲ್ಲ. ಒಂದು ಜೋಡಿ ಗೆದ್ದಿತು, ಮೂರು ಸೋತವು. ಸಾಗರದ ಪಕ್ಕದ ಇಕ್ಕೇರಿಯ ನಂದಿಯ ಚಿತ್ರವಿದ್ದ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ಇಟ್ಟಿದ್ದೆ. ಸುಳಿವೆಲ್ಲ ಸಾಗರದವರಿಗೆ ಗೊತ್ತಿರುವಂಥದ್ದೇ, ನಾವೇನು ಬರೀ ಹಿಂದೆ ಓಡುವುದಕ್ಕಾ ಎಂದು ಹೊಸನಗರದವರೊಬ್ಬರು ಗೊಣಗಿದರು. ಓಡಿದ್ದರೆ ತಾನೇ, ನಿಮ್ಮಿಂದಲೇ ಸೋತದ್ದು ಎಂದು ಅವರ ಜೋಡಿಯಾಗಿದ್ದ ಸಾಗರದವರು ತಿರುಗಿಸಿ ಕೊಟ್ಟರು. ಹೊಸನಗರದ ನಾಲ್ವರೂ ಡಬ್ಬಿ ಎತ್ತಿಕೊಂಡು ಕಡತದ ಕೋಣೆಗೆ ಹೋದರು.

ಅವತ್ತು ಹೆಡ್ ಕ್ಲರ್ಕರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಪಂಕ್ತಿಯ ನಡುವೆ ಎದ್ದು ಹೋಗಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ನಮ್ಮನ್ನು ಬಿಟ್ಟು ನಡುವೆಯೇ ಹೋಗಿಬಿಟ್ಟಿದ್ದರು.

ಈ ಶನಿವಾರ ಮತ್ತೆ ಆಟವಿದೆ. ತೀರ್ಥಹಳ್ಳಿಯಿಂದ ಅಮ್ಮನ ಕೈಯಲ್ಲಿ ನಾಲ್ಕು ಬಾಟಲಿ ಮಿಡಿ ತರಿಸಿದ್ದೇನೆ. ನಾಲ್ಕನ್ನೂ ಕಣ್ಣಿಗೆ ಬೀಳುವಲ್ಲೇ ಇಡುವವಳಿದ್ದೇನೆ. ಇದು ಆಟವೇ ಅಲ್ಲ ಎಂದು ಈಗಲೂ ಹೇಳುತ್ತೇನೆ. ಹೇಳಿ ರೇಗಲು ಅವರಿಲ್ಲ.