ಕೆಂಪಮ್ಮ ಒರಗಿದ್ದ ಗೋಡೆ

ಮೈದಾ ಅಂಟು ಕುದಿಯುವ ವಾಸನೆ ನಿಮ್ಮ ಅಡುಗೆಮನೆಯಲ್ಲಿ ಎಂದಾದರೂ ಎದ್ದಿದೆಯೇ? ಇಲ್ಲವಾದರೆ ನೀವು ಪುಣ್ಯವಂತರು. ಮೊದಲಿಗೆ ಏನೋ ತಿಂಡಿ ಆಗುತ್ತಿದೆ ಎಂಬ ಆಸೆ ಹುಟ್ಟಿಸುತ್ತದೆ. ಆಮೇಲೆ ಅದಕ್ಕೆ ಹುಳ ಹಿಡಿಯದಿರಲೆಂದು ಮೈಲುತುತ್ತ ಬೀಳುತ್ತದೆ, ಬೇವಿನೆಣ್ಣೆ ಬೀಳುತ್ತದೆ, ಒಂದು ಉಂಡೆ ಬೆಲ್ಲ ಬೀಳುತ್ತದೆ. ಅಲ್ಲಿಗೆ ನಮ್ಮ ಬೆಳಗಿನ ಕಾಫಿಯ ಕಥೆ ಮುಗಿಯಿತು. ಮೊನ್ನೆ ಎದ್ದು ಬರುವಷ್ಟರಲ್ಲಿ ನಮ್ಮ ಮನೆಯವರು ನನ್ನ ಹಾಲಿನ ಪಾತ್ರೆಯಲ್ಲೇ ಇದನ್ನೆಲ್ಲ ಕುದಿಸುತ್ತ ನಿಂತಿದ್ದರು. ಊರವರಿಗೆ ಅವರು ಪೇಂಟರ್ ಸೋಮಣ್ಣ. ನಾನು ಇಷ್ಟು ವರ್ಷವಾದರೂ ಹೆಸರು ಹಿಡಿದು ಕರೆದವಳಲ್ಲ. ಬಯ್ಯುವುದಕ್ಕೆ ಹೆಸರಿನ ಅಗತ್ಯ ಬೀಳುವುದಿಲ್ಲ ನೋಡಿ. ಬಾಯಿತುಂಬ ಬಯ್ಯಬೇಕೆಂದು ಹೊರಟವಳಿಗೆ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಬಿಂಡಿಗನವಿಲೆಯ ಕೆಂಪಮ್ಮ ನೆನಪಾದಳು. ನಾನು ಆಕೆಯನ್ನು ಒಮ್ಮೆಯೂ ನೋಡಿದವಳಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಪಾಂಡವಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಹತ್ತಿರದ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ, ಇವರು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಒಂದು ಅಂಗಡಿ ಇಟ್ಟುಕೊಂಡು ಬೋರ್ಡು, ನಂಬರ್ ಪ್ಲೇಟು, ಟ್ರಾಕ್ಟರಿನ ಹಿಂದಿನ ಹಲಗೆ ಇಂಥವನ್ನು ಬರೆಯುತ್ತಿದ್ದರು. ಆದರೆ ಹೆಸರು ತಂದುಕೊಟ್ಟದ್ದು ತಿಥಿಯ ಪಟಗಳು. ಸತ್ತವರ ಸಣ್ಣ ಫೋಟೋ ತಂದುಕೊಟ್ಟರೆ ಅದರ ಮೇಲೆ ಚೌಕಳಿ ಗೆರೆ ಎಳೆದು, ದೊಡ್ಡದಾಗಿ ಬರೆದು, ಕಟ್ಟು ಹಾಕಿಸಿ ಕೊಡುತ್ತಿದ್ದರು. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಗಂಡಸರ ಪಟವಾದರೆ ಕೋಟು ಕಡ್ಡಾಯ. ಬದುಕಿರುವವರೆಗೂ ಚಡ್ಡಿ ಬನಿಯನ್ನಿನಲ್ಲಿ ಕಬ್ಬಿಗೆ ನೀರು ಕಟ್ಟಿದ ಗೌಡರೆಲ್ಲ ಗೋಡೆಗೇರುವಾಗ ಕಪ್ಪು ಕೋಟು ತೊಟ್ಟಿರುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಅಷ್ಟು ಜನ ವಕೀಲರಿದ್ದರೇ ಎಂದು ಹೊರಗಿನವರು ಬೆರಗಾಗಬೇಕು, ಹಾಗೆ.

ಕೋಟು ಬರೆದು ಬರೆದು ಇವರಿಗೆ ಬೇಸರ ಬಂದಿರಬೇಕು. ಒಮ್ಮೆ ಕ್ಯಾತನಹಳ್ಳಿಯ ಒಬ್ಬ ಹಿರಿಯರ ಪಟ ಬರೆಯುವಾಗ ಕೋಟಿನ ಬದಲು ಅವರದೇ ಟವೆಲ್ಲಿನ ಅಂಚನ್ನು ತರಿಸಿಕೊಂಡು ಹೆಗಲ ಮೇಲೆ ಅಂಟಿಸಿದರು. ನೋಡಿದವರಿಗೆಲ್ಲ ಹಿಡಿಸಿತು. ಅಲ್ಲಿಂದ ಶುರುವಾಯಿತು ನೋಡಿ ಅಂಟಿಸುವ ಚಟ. ಇನ್ನೊಬ್ಬರ ಪಟಕ್ಕೆ ಅವರ ನಿಜವಾದ ಕನ್ನಡಕವನ್ನೇ ಕೂರಿಸಿದರು. ಒಂದು ತಿಂಗಳು ಬಿಟ್ಟು ಸತ್ತವರ ತಮ್ಮ ಬಂದು, "ಸೋಮಣ್ಣ, ಅಣ್ಣನ ಕನ್ನಡ್ಕ ವಸಿ ಬಿಚ್ಚಿಕೊಡು, ನಂಗೂ ಅದೇ ಪವರ್ ಬಂದ್ಬುಟ್ಟದೆ" ಎಂದು ಕೇಳಿಕೊಂಡು ಹೋದ. ಆಮೇಲೆ ಸಕ್ಕರೆ ಫ್ಯಾಕ್ಟರಿಯ ಕಬ್ಬಿನ ಸಿಪ್ಪೆ ಬಂತು, ಶ್ರೀರಂಗಪಟ್ಟಣದ ನನ್ನ ತವರಿಗೆ ಹೋದಾಗಲೆಲ್ಲ ಹೊಳೆಯ ಮರಳು ಚೀಲ ತುಂಬಿ ಬಂತು. ಆಲೆಮನೆಯ ಚಿತ್ರಕ್ಕೆಂದು ಬಿಸಿ ಬೆಲ್ಲವನ್ನೇ ಬಳಿದರು. ಒಂದೇ ವಾರದಲ್ಲಿ ಇರುವೆಗಳು ಆ ಆಲೆಮನೆಯನ್ನು ಒಲೆ ಕೊಪ್ಪರಿಗೆ ಸಮೇತ ತಿಂದು ಮುಗಿಸಿದವು. ನನಗೆ ನಗು, ಇವರಿಗೆ ಪಾಠ: ಬೆಲ್ಲ ಹಾಕಿದರೆ ಬೇವಿನೆಣ್ಣೆಯೂ ಹಾಕಬೇಕು.

ಹೀಗಿರುವಾಗ ಬೋರೇಗೌಡ ಬಂದ. ಬಿಂಡಿಗನವಿಲೆಯಲ್ಲಿ ಹೊಲ, ಕುರಿ ಇಟ್ಟುಕೊಂಡವನು. ಮೂವತ್ತರ ಆಸುಪಾಸು, ಮಾತು ಕಡಿಮೆ. ಅವನ ತಾಯಿ ಕೆಂಪಮ್ಮ ತೀರಿಕೊಂಡು ಹತ್ತು ತಿಂಗಳಾಗುತ್ತ ಬಂದಿತ್ತು. ವರ್ಷದ ತಿಥಿಗೆ ಪಟ ಬೇಕು. ಜೇಬಿನಿಂದ ಅವನ ಮದುವೆಯ ಗುಂಪು ಫೋಟೋ ತೆಗೆದು ಒಂದು ಮೂಲೆಯಲ್ಲಿ ಬೆರಳಿಟ್ಟ. ಅಲ್ಲಿ ಬಗ್ಗಿದ ಒಂದು ಬೆನ್ನು, ಒಂದು ತುರುಬು, ಬಳೆ ತೊಟ್ಟ ಒಂದು ಕೈ ಇತ್ತು. ಫೋಟೋದವನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ತೆಂಗಿನಕಾಯಿಯೊಂದು ಉರುಳಿತಂತೆ, ಅದನ್ನು ಹಿಡಿಯಲು ಕೆಂಪಮ್ಮ ಬಗ್ಗಿದ್ದಳು.

"ಇದು ಬುಟ್ರೆ ಬ್ಯಾರೆ ಇಲ್ಲ ಕಣಣ್ಣ. ಓಟಿನ ಕಾರ್ಡಿಗೆ ಪೋಟ ತಗ್ಯಕೆ ಬಂದ ದಿನ್ವೂ ಕುರಿ ಒಡ್ಕಂಡು ಓಗ್ಬುಟ್ಟಿದ್ಲು," ಎಂದ. ಫೋಟೋದ ಮೇಲಿಟ್ಟ ಬೆರಳು ತೆಗೆಯದೆ, "ದಿನಾ ನೆನಿಸ್ಕತೀನಿ. ಆದ್ರೂ ಮುಖ ಅಳಿಸ್ಕಂಡು ಓಯ್ತಾ ಅದೆ. ತಿಥಿ ದಿನ ಯಾರ್ ಮುಂದೆ ಕೈ ಮುಗೀಲಿ ನಾನು?" ಎಂದ.

ಇವರು ಒಪ್ಪಿಕೊಂಡರು. ಬೆನ್ನು ನೋಡಿ ಮುಖ ಬರೆಯಬಲ್ಲೆ ಎಂಬ ಹುಮ್ಮಸ್ಸು. ಬೋರೇಗೌಡನನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳುವುದು, ಬರೆಯುವುದು. ಮೂಗು ಹೇಗೆ? "ಮೂಗು ಮೂಗಿನಂಗೇ ಇತ್ತು." ಕಣ್ಣು? "ನನ್ ಕಂಡ್ರೆ ಒಂಥರಾ, ಕುರಿ ಕಂಡ್ರೆ ಒಂಥರಾ." ಇಂಥ ವಿವರ ಇಟ್ಟುಕೊಂಡು ಯಾವ ಕಲಾವಿದ ತಾನೆ ಏನು ಮಾಡಿಯಾನು? ಒಂದು ಮುಖ ಬರೆದರೆ, "ಇವ್ಳು ನಮ್ಮ ದೊಡ್ಡತ್ತೆ ಆಗ್ಬುಟ್ಲು" ಎಂದ. ಇನ್ನೊಂದು ಬರೆದರೆ, "ಇವ್ರನ್ನ ನಾಗಮಂಗ್ಲದ ಬಸ್ಸಲ್ಲಿ ನೋಡಿವ್ನಿ, ನಮ್ಮವ್ವ ಅಲ್ಲ" ಎಂದ. ಅಂಗಡಿಯ ತುಂಬ ಯಾರದೋ ತಾಯಂದಿರು ಸಾಲಾಗಿ ನಿಂತುಬಿಟ್ಟರು. ಊಟ ತೆಗೆದುಕೊಂಡು ಹೋದ ನನಗೆ ಅವರನ್ನೆಲ್ಲ ಕಂಡರೆ ನಗು ಬರುತ್ತಿತ್ತು, ಒಬ್ಬೊಬ್ಬರನ್ನೂ ಮಾತಾಡಿಸಿ ಬರುತ್ತಿದ್ದೆ.

ಆ ನಗು ನಿಂತದ್ದು ಒಂದು ಮಧ್ಯಾಹ್ನ. ಬೋರೇಗೌಡ ಹೊಸ ಮುಖವೊಂದನ್ನು ನೋಡಿ ತಲೆ ತಗ್ಗಿಸಿ ಕೂತ. ಆಮೇಲೆ, "ಸಾಕು ಬುಡಣ್ಣ. ಬರೀಬ್ಯಾಡ. ಈಗ ಕಣ್ಮುಚ್ಚಿದ್ರೆ ನೀ ಬರ್ದಿರೋ ಮುಖ್ಗಳೇ ಬತ್ತಾವೆ. ಅವ್ವ ಇನ್ನೂ ಅತ್ಲಾಗೆ ಸರ್ಕಂಡು ಓಯ್ತಾವ್ಳೆ" ಎಂದು ಅತ್ತುಬಿಟ್ಟ. ಎದುರಿಗೆ ಕುಂಚ ಹಿಡಿದು ನಿಂತಿದ್ದ ನನ್ನ ಗಂಡನ ಮುಖ ನಾನು ಮರೆಯುವಂತಿಲ್ಲ. ಉಳಿಸಿಕೊಡಿ ಎಂದು ಬಂದವನ ಕೈಯಿಂದ ಇದ್ದದ್ದನ್ನೂ ಕಸಿದುಕೊಂಡ ಹಾಗಾಗಿತ್ತು. ಅವತ್ತು ಇವರು ಊಟ ಮಾಡಲಿಲ್ಲ. ಆ ಮುಖಗಳನ್ನೆಲ್ಲ ಬಿಳಿ ಬಣ್ಣ ಹೊಡೆದು ಮುಚ್ಚಿದರು. "ಆ ಮನೆ ನೋಡ್ಬೇಕು. ಅವ್ರು ಎಲ್ಲಿ ಇದ್ರು, ಏನ್ ಮುಟ್ಟಿದ್ರು ಅಂತ ನೋಡ್ದೆ ನಂಗೆ ಗೊತ್ತಾಗಾಕಿಲ್ಲ," ಎಂದರು.

ಭಾನುವಾರ ನಾಗಮಂಗಲದಲ್ಲಿ ಬಸ್ಸು ಬದಲಿಸಿ ಬಿಂಡಿಗನವಿಲೆಗೆ ಹೋದೆವು. ನಾನು ಯಾಕೆ ಹೋದೆ ಎಂದರೆ, ಮನೆಯಲ್ಲಿದ್ದರೆ ಬಟ್ಟೆ ಒಗೆಯಬೇಕಿತ್ತು. ಮಣ್ಣಿನ ಗೋಡೆಯ ಹೆಂಚಿನ ಮನೆ. ಪಡಸಾಲೆಯ ಎದುರಿಗೇ ಬಾಗಿಲು, ಬಾಗಿಲಾಚೆ ಕುರಿದೊಡ್ಡಿ. ಗೋಡೆಯ ಮೇಲೆ ಎತ್ತರದಲ್ಲಿ ಕೆಂಪಮ್ಮನ ಗಂಡ ಎಂದೋ ಕೋಟು ತೊಟ್ಟು ಪಟವಾಗಿದ್ದ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿಲ್ಲವಲ್ಲ, ಹಾಗಾಗಿ ಆ ವರ್ಷ ಗೋಡೆಗೆ ಸುಣ್ಣ ಬಿದ್ದಿರಲಿಲ್ಲ. ತಿಥಿಗೆ ಮುಂಚೆ ಬಳಿಯೋಣವೆಂದು ಅಂಗಳದಲ್ಲಿ ಸುಣ್ಣ ನೆನೆಹಾಕಿದ್ದರು, ಕತ್ತಾಳೆ ನಾರಿನ ಕುಂಚವೂ ತಯಾರಾಗಿತ್ತು.

ಇವರು ಕೆಂಪಮ್ಮನ ಕಂಬಳಿ ನೋಡಿದರು, ಎಲೆಅಡಿಕೆ ಚೀಲ ನೋಡಿದರು. ಆಮೇಲೆ ಪಡಸಾಲೆಯ ಒಂದು ಕಡೆ ಮಂಡಿಯೂರಿ ಕೂತವರು ಏಳಲೇ ಇಲ್ಲ. ಅಲ್ಲಿ ಗೋಡೆಯ ಮೇಲೆ ಒಂದು ಕಲೆ ಇತ್ತು. ಕೂತವರ ತಲೆ ತಾಗುವಷ್ಟು ಎತ್ತರದಲ್ಲಿ ಹರಳೆಣ್ಣೆ ಕುಡಿದು ಕಪ್ಪಾದ ಒಂದು ದುಂಡನೆ ಗುರುತು. ಅದರ ಕೆಳಗೆ ಎರಡು ಹೆಗಲು ಉಜ್ಜಿ ಉಜ್ಜಿ ಸುಣ್ಣ ಸವೆದು ಕೆಮ್ಮಣ್ಣು ಕಾಣುತ್ತಿತ್ತು, ಕಂಬಳಿಯ ಕರಿ ಎಳೆಗಳು ಅಲ್ಲಲ್ಲಿ ಕಚ್ಚಿಕೊಂಡಿದ್ದವು. ಬಲಗಡೆಗೆ, ಕೈ ಚಾಚಿದಷ್ಟು ದೂರದಲ್ಲಿ, ಎಲೆಗೆ ಸವರಿ ಮಿಕ್ಕ ಸುಣ್ಣವನ್ನು ಒರೆಸಿದ ಬೆರಳಿನ ಗೀರುಗಳು. ದಿನಾ ಸಂಜೆ ಕುರಿ ಕೂಡಿ ಬಂದು ಕೆಂಪಮ್ಮ ಅಲ್ಲಿ ಒರಗಿ ಕೂತು ಎಲೆಅಡಿಕೆ ಹಾಕುತ್ತಿದ್ದಳಂತೆ. ಇವರು ನನ್ನ ಕಡೆ ತಿರುಗಿ, "ಅವ್ರೇ ಬರ್ದು ಮುಗ್ಸವ್ರೆ ಕಣೇ. ನಾನ್ ಸುಮ್ನೆ ಮೂಗು ಕಣ್ಣು ಅಂತ ಒದ್ದಾಡ್ತಿದ್ದೆ" ಎಂದರು.

ಗೋಡೆಯ ಮೇಲಿನ ಆ ಪದರವನ್ನು ಹಾಗೇ ಎಬ್ಬಿಸಿ ಹಲಗೆಗೆ ಕೂರಿಸುತ್ತೇನೆ ಎಂದು ಇವರು ಹೇಳಿದಾಗ ಬೋರೇಗೌಡ ಗಾಬರಿಯಾದ. ದಿನವೂ ಅದರ ಮುಂದೆ ಓಡಾಡಿಕೊಂಡಿದ್ದವನಿಗೆ ಅದೊಂದು ಗುರುತು ಎಂದು ಹೊಳೆದದ್ದೇ ಆಗ.

"ಕಿತ್ತೋದ್ರೆ?"

"ಕಿತ್ತೋದ್ರೆ ಇದೂ ಇಲ್ಲ."

ಅವನು ಅಂಗಳದ ಸುಣ್ಣದ ಮಡಕೆಯನ್ನೂ ಗೋಡೆಯನ್ನೂ ನೋಡಿದ. "ಸುಣ್ಣ ಬಳುದ್ರೂ ಓಯ್ತದೆ. ಹಂಗೇ ಬುಟ್ರೆ ಮುಂದ್ಲ ಮಳಿಗೆ ಉದ್ರೋಯ್ತದೆ. ತಗಿ ಅಣ್ಣ," ಎಂದ.

ಮುಂದಿನ ದಿನಗಳಲ್ಲಿ ಕಷ್ಟಕ್ಕೆ ಸಿಕ್ಕಿದ್ದು ನನ್ನ ಅಡುಗೆಮನೆ. ನನ್ನ ಹಳೆಯ ವಾಯಿಲ್ ಸೀರೆಯನ್ನು ತುಂಡು ಮಾಡಿ, ಅಂಟಿನಲ್ಲಿ ಅದ್ದಿ, ನಮ್ಮ ಬಾಡಿಗೆ ಮನೆಯ ಗೋಡೆಗೆ ಮೆತ್ತಿ, ಒಣಗಿದ ಮೇಲೆ ಎಳೆದು ನೋಡುವುದು. ಅಂಟು ತೆಳುವಾದರೆ ಬಟ್ಟೆ ಬರಿಗೈಲಿ ಬರುತ್ತಿತ್ತು, ಗಟ್ಟಿಯಾದರೆ ಗೋಡೆಯೇ ಬರುತ್ತಿತ್ತು. ಒಣಗಿ ಬಿರುಕು ಬಿಟ್ಟರೆ ಎಲ್ಲ ಚೂರುಚೂರು. ಬೆಲ್ಲ ಸೇರಿಸಿದರೆ ಅಂಟು ಸೆಟೆಯದೆ ಬಾಗುತ್ತದೆ ಎಂಬುದು ಆ ಒದ್ದಾಟದಲ್ಲೇ ಗೊತ್ತಾದದ್ದು. ಮನೆ ಮಾಲೀಕರು ಬಂದು, "ಏನ್ ಟೀಚರಮ್ಮ, ಗ್ವಾಡೆಗೆ ಸಿಡುಬಾ?" ಎಂದು ಕೇಳಿದರು. ತೇವ ಬಂದಿತ್ತು, ಕೆರೆದು ಮೆತ್ತಿಸುತ್ತಿದ್ದೇವೆ ಎಂದು ಟೀಚರಮ್ಮ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು.

ಬಿಂಡಿಗನವಿಲೆಯಲ್ಲಿ ಬಟ್ಟೆ ಎಳೆಯುವ ದಿನ ನಾನೂ ಇದ್ದೆ. ಕೆಳಗಿನ ಮೂಲೆಯಿಂದ ಹಿಡಿದು, ಉಸಿರು ಕಟ್ಟಿ, ಇವರು ಇಷ್ಟಿಷ್ಟೇ ಎಳೆಯುತ್ತಿದ್ದರೆ ಸಣ್ಣಗೆ ಚರಚರ ಸದ್ದು. ಬೋರೇಗೌಡ ಒಳಗೆ ನಿಲ್ಲಲಾರದೆ ಕುರಿಗಳ ನಡುವೆ ಹೋಗಿ ನಿಂತಿದ್ದ. ಎಡ ಹೆಗಲಿನ ಹತ್ತಿರ ಒಂದು ಅಂಗೈಯಗಲ ಬರದೆ ಅಲ್ಲೇ ಪುಡಿಯಾಯಿತು. ಉಳಿದದ್ದೆಲ್ಲ ಬಂತು. ಹಲಗೆಗೆ ಕೂರಿಸಿ, ಬಿಸಿನೀರಿನಲ್ಲಿ ಮೇಲಿನ ಬಟ್ಟೆ ಬಿಡಿಸಿದಾಗ ಎಣ್ಣೆಯ ಕಪ್ಪು, ಸುಣ್ಣದ ಗೀರು ಎಲ್ಲ ಜಾಗದಲ್ಲೇ ಇತ್ತು. ಹೋದ ಹೆಗಲಿಗೆ ಬಣ್ಣ ಹಚ್ಚಲಿಲ್ಲ. ಕೆಂಪಮ್ಮನ ಕಂಬಳಿಯದೇ ಒಂದು ತುಂಡು ಕತ್ತರಿಸಿ ಕೂರಿಸಿದರು. ನಾನು, "ಒಂದು ಮೂಗುಬೊಟ್ಟಾದರೂ ಇಡಿ, ಹೆಣ್ಣುಮಗಳು ಅಂತ ಗೊತ್ತಾಗಲಿ" ಎಂದೆ. ಕೈ ತುರಿಸುತ್ತಿತ್ತು ಅವರಿಗೂ. ಆದರೆ ಇಡಲಿಲ್ಲ.

ತಿಥಿಯ ದಿನ ಹೊಸ ಸುಣ್ಣದ ಗೋಡೆಯ ಮೇಲೆ, ಗಂಡನ ಕೋಟಿನ ಪಟದ ಪಕ್ಕ, ಎತ್ತರದಲ್ಲಿ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದರು. ಬಂದ ನೆಂಟರೆಲ್ಲ ಕತ್ತೆತ್ತಿ ನೋಡಿದರು. "ಇದೇನ್ಲಾ ಬೋರ, ಮುಖಾನೇ ಇಲ್ವಲ್ಲ?" ಎಂದ ಒಬ್ಬ. "ಮಣ್ಣಿಗೆ ಕೈ ಮುಗಿಬೇಕಾ?" ಎಂದ ಇನ್ನೊಬ್ಬ. ಬೋರೇಗೌಡ ಹಾರ ಹಿಡಿದುಕೊಂಡು ನಿಂತೇ ಇದ್ದ. ಇವರು ಕಂಬದ ಹಿಂದೆ ಸರಿದರು. ನಾನು ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಒಳಗಿನಿಂದ ಕೆಂಪಮ್ಮನ ತಂಗಿ ಜವರಮ್ಮ ಗಂಧದ ಬಟ್ಟಲು ಹಿಡಿದು ಬಂದಳು. ಹಣ್ಣು ಹಣ್ಣು ಮುದುಕಿ, ಬಾಯಿ ಮಾತ್ರ ಗಟ್ಟಿ. ಒಮ್ಮೆ ಮೇಲೆ ನೋಡಿ, "ಎಲಾ ಇವ್ನ! ನಿಮ್ಮವ್ವ ಏನು ಅಟ್ಟದ ಮ್ಯಾಲೆ ಕೂರ್ತಿದ್ಲಾ? ಇಳ್ಸುಲಾ ಕೆಳಿಕ್ಕೆ!" ಎಂದು ಗದರಿದಳು. ಇಳಿಸಿದರು. ಮೊದಲಿದ್ದ ಜಾಗಕ್ಕೇ, ನೆಲದಿಂದ ಕೂತ ಎತ್ತರಕ್ಕೆ ಹಲಗೆಯನ್ನು ಗೋಡೆಗೆ ಒರಗಿಸಿಟ್ಟರು. ಜವರಮ್ಮ ಅದರೆದುರಿಗೆ ಕಾಲು ನೀಡಿ ಕೂತಳು. ದುಂಡನೆ ಕಪ್ಪು ಗುರುತನ್ನೂ, ಸುಣ್ಣದ ಗೀರನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಗಂಧ ಇಟ್ಟಳು. ಆಮೇಲೆ ತಿರುಗಿ, ಬಾಗಿಲಿಗೆ ಅಡ್ಡವಾಗಿ ಗುಂಪುಗಟ್ಟಿದ್ದ ನಮ್ಮ ಮೇಲೆಲ್ಲ ರೇಗಿದಳು.

"ಸರ್ಕಳ್ರೋ ಅತ್ಲಾಗೆ! ಅವ್ಳಿಗೆ ಕುರಿ ಕಾಣಾಕಿಲ್ಲ!"

ಅಷ್ಟು ಜನವೂ ಎರಡು ಪಾಲಾಗಿ ಸರಿದೆವು. ಬಾಗಿಲಿನಿಂದ ಬಂದ ಬೆಳಕು ಆ ಗೋಡೆಯ ತುಂಡಿನ ಮೇಲೆ ಬಿತ್ತು. ಬೋರೇಗೌಡ ಹಾರ ಹಾಕಿ, ಕೈ ಮುಗಿದು, ಕಣ್ಣು ಮುಚ್ಚಿದ. ತೆರೆದಾಗ ನಮ್ಮ ಮನೆಯವರನ್ನು ಹುಡುಕಿ, "ಈಗ ಬತ್ತದೆ ಕಣಣ್ಣ ಮುಖ" ಎಂದ. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯ ಕಡೆ ತಿರುಗಿಕೊಂಡು ಅಳುತ್ತಿದ್ದರು. ನಾನು ನೋಡದವಳಂತೆ ಕಡಲೆಕಾಯಿ ಸುಲಿಯುತ್ತಿದ್ದೆ.

ಆಮೇಲೆ ಅವರು ಕೋಟು ಬರೆಯಲಿಲ್ಲ. ಕಣದ ನೆಲ, ಹಗ್ಗ ಉಜ್ಜಿದ ಬಾವಿಕಟ್ಟೆ, ಗಾಡಿಯ ನೊಗ ಹೀಗೆ ಜನ ಮುಟ್ಟಿ ಸವೆಸಿದ್ದನ್ನೇ ಹುಡುಕಿಕೊಂಡು ಹೋದರು. ಮೈಸೂರಿನಲ್ಲಿ ಪ್ರದರ್ಶನ ಇಟ್ಟರೆ ಎಲ್ಲವನ್ನೂ ಕೂತ ಎತ್ತರಕ್ಕೆ ತೂಗುಹಾಕುತ್ತಾರೆ, ದೊಡ್ಡ ಮನುಷ್ಯರು ಮಂಡಿ ಹಿಡಿದುಕೊಂಡು ಬಗ್ಗಿ ನೋಡುತ್ತಾರೆ.

ಮೊನ್ನೆ ಆ ಹಾಲಿನ ಪಾತ್ರೆಯ ಮುಂದೆ ನಿಂತು ನನಗೊಂದು ಯೋಚನೆ ಬಂತು. ಬಯ್ಯುವುದನ್ನು ಬಿಟ್ಟು ಕೇಳಿಯೇಬಿಟ್ಟೆ: "ಅಲ್ಲ, ನಾನು ಹೋದ ಮೇಲೆ ನನ್ನದು ಎಲ್ಲಿಂದ ಎಬ್ಬಿಸುತ್ತೀರಿ?"

ಇವರು ಸೌಟು ತಿರುಗಿಸುವುದನ್ನು ನಿಲ್ಲಿಸಿದರು. ಅಡುಗೆಮನೆಯ ಗೋಡೆಯನ್ನೆಲ್ಲ ಒಂದು ಸುತ್ತು ನೋಡಿದರು, ಹಜಾರದ ಕಡೆ ನೋಡಿದರು. ಆಮೇಲೆ, "ನೀನು ಎಲ್ಲಿ ಒಂದ್ಕಡೆ ಕೂತಿದ್ದೀಯೇ?" ಎಂದರು. ತಮಾಷೆಗೆ ಅಂದದ್ದಲ್ಲ.

ಅವತ್ತಿನಿಂದ ಸಂಜೆ ಕೆಲಸವನ್ನೆಲ್ಲ ಹಾಗೇ ಬಿಟ್ಟು, ಹಜಾರದ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂರುತ್ತಿದ್ದೇನೆ. ತಲೆಗೆ ಎಣ್ಣೆ ಹಚ್ಚಿಕೊಂಡೇ ಕೂರುತ್ತೇನೆ.